ಗಂಟಿಲ್ಲದ ದಾರ

ಜೂನ್ ೩, ಮಂಗಳವಾರ

ಇವತ್ತಿನಿಂದ ಬರೆಯುವುದೆಂದು ತೀರ್ಮಾನವಾಗಿದೆ. ತೀರ್ಮಾನ ನನ್ನದಲ್ಲ, ಹೆಂಡತಿಯದು. ಮಧ್ಯಾಹ್ನ ಊಟಕ್ಕೆ ಕೂತಾಗ ಲಾಂಡ್ರಿಯ ವಿಷಯ ತೆಗೆದೆ. ಅವಳು ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಇಳಿಸಿ, "ಇಪ್ಪತ್ತಾರು ವರ್ಷದಿಂದ ನನ್ನ ಒಂದೊಂದು ತುತ್ತಿಗೂ ಸೋಪಿನ ವಾಸನೆ ಬಂದಿದೆ. ಇನ್ಮೇಲೆ ಊಟದ ಹೊತ್ತಲ್ಲಿ ಲಾಂಡ್ರಿ ಮಾತು ಬೇಡ. ತಡ್ಕೊಳ್ಳೋಕಾಗ್ದಿದ್ರೆ ಬರ್ಕೊಳ್ಳಿ" ಎಂದು ಈ ಹಳೆಯ ಡೈರಿ ತಂದುಕೊಟ್ಟಳು. ಮೊದಲ ನಾಲ್ಕು ಹಾಳೆಗಳಲ್ಲಿ ಅವಳ ಹೊಲಿಗೆಯ ಅಳತೆಗಳಿವೆ. ಯಾರದೋ ಸೊಂಟದ ಸುತ್ತಳತೆಯ ಕೆಳಗೆ ನನ್ನ ಕಷ್ಟಸುಖ ಶುರುವಾಗುತ್ತಿದೆ.

ವಿಷಯ ಏನೆಂದರೆ, ಆಸ್ಪತ್ರೆಯವರಿಂದ ಒಂದು ಕಾಗದ ಬಂದಿದೆ. ನಮ್ಮ ಯಂತ್ರಗಳು ಬಾಯ್ಲರಿನ ಹಬೆಯಿಂದ ಓಡುತ್ತವೆ, ಲಾಂಡ್ರಿ ಮಾತ್ರ ಆಸ್ಪತ್ರೆಯ ಬಟ್ಟೆಯಿಂದ ಓಡುತ್ತದೆ. ದಿನಕ್ಕೆ ಇಪ್ಪತ್ತು ಮೂಟೆ: ಹಾಸಿಗೆ ಬಟ್ಟೆ, ದಿಂಬಿನ ಕವರು, ಡಾಕ್ಟರ ಹಸಿರು ನಿಲುವಂಗಿ. ಸೆಪ್ಟೆಂಬರ್ ಒಂದರಿಂದ ಅವರದೊಂದು ಹೊಸ ನಿಯಮ. ತೊಳೆಯುವ ಕೋಣೆಗೊಬ್ಬರು, ಇಸ್ತ್ರಿ ಕೋಣೆಗೊಬ್ಬರು, ಕೆಲಸ ಬಲ್ಲವರೆಂದು ಸರ್ಟಿಫಿಕೇಟು ಪಡೆದವರು ಇರಲೇಬೇಕು. ಇಲ್ಲದಿದ್ದರೆ ಕರಾರು ಅಲ್ಲಿಗೆ ಮುಗಿಯಿತು.

ನಮ್ಮ ತೊಳೆಯುವ ಕೋಣೆಯಲ್ಲಿರುವುದು ದಾರದವಳು. ಹದಿನೆಂಟು ವರ್ಷದಿಂದ ಇದ್ದಾಳೆ. ಸೊಂಟಕ್ಕೆ ಬಣ್ಣಬಣ್ಣದ ದಾರದ ಉಂಡೆ ಸಿಕ್ಕಿಸಿಕೊಂಡು ಕಂಡಕಂಡದ್ದಕ್ಕೆಲ್ಲ ಕಟ್ಟುತ್ತಾ ಓಡಾಡುತ್ತಾಳೆ. ಅದೊಂದು ಚಾಳಿ ಅವಳಿಗೆ. ಇಸ್ತ್ರಿ ಕೋಣೆಯಲ್ಲಿ ಇಸ್ತ್ರಿಯಣ್ಣ, ಮಾವನ ಕಾಲದವನು. ಇಬ್ಬರ ಹತ್ತಿರವೂ ಶಾಲೆ ಬಿಟ್ಟ ಚೀಟಿಗಿಂತ ದೊಡ್ಡ ಕಾಗದವಿಲ್ಲ. ತರಬೇತಿಗೆ ಕಳಿಸೋಣವೆಂದರೆ ಮೂರು ತಿಂಗಳಂತೆ. ಅವರಿಬ್ಬರೂ ಮೂರು ತಿಂಗಳು ಹೋದರೆ ನಾನು ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಬಾವಿಗೆ ಎಸೆಯಬಹುದು.

ಇಷ್ಟಕ್ಕೂ ಅದರಲ್ಲಿ ಕಲಿಯುವಂಥದ್ದು ಏನಿದೆ? ನೀರು, ಸೋಪು, ಬಿಸಿ. ಇವರಿಗೆಲ್ಲ ಕೆಲಸ ಕಲಿಸಿದವನು ನಾನೇ. ಬೇಕಾದರೆ ನಾನೇ ಬರೆದುಕೊಡುತ್ತೇನೆ.

ನಾಳೆ ಹೋಗಿ ಮಾತಾಡಬೇಕು. ಹೆಂಡತಿ ಹೊಲಿದ ಹೊಸ ನೀಲಿ ಕೋಟು ಹಾಕಿಕೊಂಡು ಹೋಗುತ್ತೇನೆ. ಮಾಲೀಕನ ಹಾಗೆ ಕಾಣಲಿ.

ಜೂನ್ ೪, ಬುಧವಾರ

ಹೋಗಿ ಬಂದೆ. ಆಸ್ಪತ್ರೆಯ ಸ್ಟೋರಿನವರು ಕನ್ನಡಕ ಹಣೆಗೇರಿಸಿ ನಕ್ಕರು. "ಹದಿನೆಂಟು ವರ್ಷ ಕೆಲಸ ಮಾಡಿದವರನ್ನ ಒಂದನೇ ಕ್ಲಾಸಿಗೆ ಯಾಕ್ರೀ ಕೂರಿಸ್ತೀರ? ಬರೋ ಕೆಲಸಾನ ಬರುತ್ತೆ ಅಂತ ನೋಡಿ ಬರೆದುಕೊಡೋ ಕಚೇರಿ ಇದೆ. ಅವರೇ ನಿಮ್ಮಲ್ಲಿಗೆ ಬರ್ತಾರೆ. ಬರದೇ ಇರೋದಿದ್ರೆ ಅಷ್ಟನ್ನ ಮಾತ್ರ ಕಲಿಸ್ತಾರೆ" ಎಂದು ಒಂದು ಅರ್ಜಿ ಕೊಟ್ಟರು. ಅದರ ತಲೆಯ ಮೇಲೆ 'ಪೂರ್ವ ಕಲಿಕೆಯ ಮಾನ್ಯತೆ' ಎಂದು ಅಚ್ಚಾಗಿದೆ. ಒಂದು ಕಾಗದ ತಂದ ತಲೆನೋವನ್ನು ಇನ್ನೊಂದು ಕಾಗದ ತೆಗೆದುಕೊಂಡು ಹೋಯಿತು.

ಬರುವಾಗ ನಾಲ್ಕು ಹನಿ ಮಳೆ. ಕೋಟಿನ ನೀಲಿಯೆಲ್ಲ ಅಂಗಿಯ ಕಾಲರಿಗೆ ಇಳಿದಿತ್ತು. ಹೆಂಡತಿ ನೋಡುವ ಮೊದಲೇ ಎರಡನ್ನೂ ಲಾಂಡ್ರಿಯಲ್ಲಿ ಬಿಚ್ಚಿಹಾಕಿ ಬಂದೆ.

ಜೂನ್ ೫, ಗುರುವಾರ

ಬೆಳಿಗ್ಗೆ ಅರ್ಜಿ ತುಂಬಲೆಂದು ಕೂತೆ. ಇಸ್ತ್ರಿಯಣ್ಣ ಬಾಗಿಲಿಗೆ ಒರಗಿ ನಿಂತು ಸುದ್ದಿ ಶುರುಮಾಡಿದ.

"ಅಳಿಯಂದ್ರೇ, ಗೊತ್ತಾಯ್ತಾ? ಸೇತುವೆ ಹತ್ರದ ಏಳಂತಸ್ತಿನ ಹೋಟೆಲ್ಲು, ಅವರದೇ ಲಾಂಡ್ರಿ ಇಡ್ತಾರಂತೆ. ಜನ ಹುಡುಕ್ತಿದಾರೆ. ಆದ್ರೆ ಸರ್ಟಿಫಿಕೇಟ್ ಇದ್ದೋರೇ ಬೇಕಂತೆ. ನಮ್ಮಂಥೋರನ್ನ ಯಾರು ಕೇಳ್ತಾರೆ ಬಿಡಿ."

(ಅಳಿಯಂದ್ರು ಎಂದರೆ ನಾನು. ಲಾಂಡ್ರಿ ಶುರುಮಾಡಿದವರು ಹೆಂಡತಿಯ ಅಪ್ಪ. ಅವರು ತೀರಿಕೊಂಡು ಹನ್ನೊಂದು ವರ್ಷವಾದರೂ ಇಲ್ಲಿ ನಾನಿನ್ನೂ ಅಳಿಯನೇ.)

ಅವನು ಹೋದ ಮೇಲೆ ಪೆನ್ನಿನ ಮುಚ್ಚಳ ಹಾಕಿದೆ. ನಾನೇ ಕೈಯಾರೆ ಸರ್ಟಿಫಿಕೇಟ್ ಕೊಡಿಸುವುದು, ಅವರು ಅದನ್ನು ಹಿಡಿದುಕೊಂಡು ಸೇತುವೆ ದಾಟುವುದು, ನಾನು ಆಸ್ಪತ್ರೆಯ ಮೂಟೆಗಳ ನಡುವೆ ಮೂಟೆಯಾಗಿ ಕೂರುವುದು. ಎಂಥ ಜಾಣತನ!

ಹನ್ನೊಂದರ ಹೊತ್ತಿಗೆ ದಾರದವಳು ಬಂದಳು. ಮತ್ತೆ ಅದೇ ರಾಗ. "ಅಳಿಯಂದ್ರೇ, ವಿಂಗಡಿಸೋ ಮೇಜಿನ ಹತ್ರ ಒಂದು ಕಿಟಕಿ ಆಗಿದ್ರೆ..."

"ನೋಡೋಣ" ಎಂದೆ. ಮೂರು ವರ್ಷದಿಂದ ನೋಡುತ್ತಿದ್ದೇನೆ. ಮಾವ ಕಟ್ಟಿಸಿದ ಗೋಡೆ ಅದು. ಅದನ್ನು ಒಡೆಯಲು ನನಗೆ ಕೈ ಬರುವುದಿಲ್ಲ.

ಅರ್ಜಿಯನ್ನು ಡ್ರಾಯರಿನಲ್ಲಿಟ್ಟಿದ್ದೇನೆ. ಸೆಪ್ಟೆಂಬರ್ ಇನ್ನೂ ದೂರವಿದೆ.

ಜೂನ್ ೧೩, ಶುಕ್ರವಾರ

ಅರ್ಜಿ ಡ್ರಾಯರಿನಲ್ಲೇ ಇದೆ. ಸರಿಯಾದ ಪೆನ್ನು ಸಿಕ್ಕಿಲ್ಲ.

ಜೂನ್ ೧೬, ಸೋಮವಾರ

ಸಿಕ್ಕಿಬಿದ್ದೆ. ಹೆಂಡತಿ ಲಾಂಡ್ರಿಗೆ ಬಂದಿದ್ದಳು, ಗುಂಡಿ ಹುಡುಕಲು ಡ್ರಾಯರ್ ಎಳೆದಳು. ಅರ್ಜಿಯನ್ನು ನಿಂತಲ್ಲೇ ಪೂರ್ತಿ ಓದಿದಳು. ಆಮೇಲೆ ನನ್ನನ್ನು ಓದಿದಳು.

"ಇದು ಯಾವಾಗ ಬಂದಿದ್ದು?"

"ಮೊನ್ನೆ ಮೊನ್ನೆ."

"ಮೊನ್ನೆ ಮೊನ್ನೆ ಅಂದ್ರೆ ಹನ್ನೆರಡು ದಿನ. ತಾರೀಖು ಹಾಕಿದಾರೆ ಇಲ್ಲಿ."

ಹೋಟೆಲಿನ ವಿಷಯ ಹೇಳಿದೆ. ಅವಳು ಗುಂಡಿಯ ಡಬ್ಬಿ ಮುಚ್ಚಿ ನನ್ನ ಎದುರಿಗೆ ಕೂತಳು. "ಅಪ್ಪ ನಿಮ್ಮನ್ನ ಇಲ್ಲಿಗೆ ಕರ್ಕೊಂಡು ಬಂದಾಗ ನಿಮಗೇನು ಬರ್ತಿತ್ತು ಹೇಳಿ. ಪಾತ್ರೆ ಅಂಗಡೀಲಿ ಬಿಲ್ ಬರೀತಿದ್ರಿ. ಅಂಗಿ ಮಡಿಸೋದು ಯಾರು ಹೇಳಿಕೊಟ್ಟಿದ್ದು?"

ನಾನು ಡ್ರಾಯರ್ ಮುಚ್ಚಿದೆ.

"ಇಸ್ತ್ರಿಯಣ್ಣ. ಮೊದಲನೇ ದಿನ ತೋಳನ್ನ ಒಳಗಿಟ್ಟು ಕಾಲರನ್ನ ಮುರಿದು ಹಾಕಿದ್ರಿ, ಅಪ್ಪ ಮನೆಗೆ ಬಂದು ನಕ್ಕಿದ್ದು ನನಗಿನ್ನೂ ನೆನಪಿದೆ. ಅವರಿಗೆ ಬರೋದನ್ನ ಬರುತ್ತೆ ಅಂತ ಹೇಳೋಕೆ ನಿಮ್ಮ ಗಂಟೇನು ಹೋಗುತ್ತೆ? ಕಾಗದ ಮುಚ್ಚಿಟ್ಟು ಜನಾನ ಇಟ್ಕೊಳ್ಳೋಕಾಗುತ್ತಾ?"

ಅವಳೇ ಅರ್ಜಿ ತುಂಬಿ, ಹೋಗುವಾಗ ಕೊಂಡುಹೋದಳು. ದಾರಿಯಲ್ಲಿ ತಾನೇ ಅಂಚೆಗೆ ಹಾಕಿದಳಂತೆ. ನನ್ನ ಸಹಿ? ಅದನ್ನು ಅಲ್ಲೇ, ನಿಂತುಕೊಂಡೇ ಹಾಕಿಸಿಕೊಂಡಳು. ಪೆನ್ನು ಅವಳದೇ.

ಜುಲೈ ೧, ಮಂಗಳವಾರ

ನಾಳೆ ಪರೀಕ್ಷೆ ಮಾಡುವವರು ಬರುತ್ತಾರೆ. ಬರುವುದೇ ಆದರೆ ನಮ್ಮ ಲಾಂಡ್ರಿ ನಾಲ್ಕು ಜನರ ಕಣ್ಣಿಗೆ ಚೆನ್ನಾಗಿ ಕಾಣಬೇಕಲ್ಲ. ಸಂಜೆ ಐದಕ್ಕೆ ಎಲ್ಲರೂ ಹೋದ ಮೇಲೆ ನಾನೊಬ್ಬನೇ ಉಳಿದು ನೆಲ ತೊಳೆದೆ, ಬಟ್ಟೆ ಒಗೆಯುವ ಡ್ರಮ್ಮಿನ ಹಿತ್ತಾಳೆಯ ಪಟ್ಟಿ ಉಜ್ಜಿದೆ.

ನಾಳೆ ಬೆಳಿಗ್ಗೆಗೆಂದು ದಾರದವಳು ವಿಂಗಡಿಸಿಟ್ಟ ಹನ್ನೆರಡು ಮೂಟೆಗಳಿದ್ದವು. ಒಂದೊಂದರ ಬಾಯಿಗೂ ಕೆಂಪು ದಾರ, ಹಳದಿ ದಾರ, ಸಂತೆಗೆ ಹೊರಟ ಮೇಕೆಗಳ ಕೊರಳಿನ ಹಾಗೆ. ಬಂದವರು ಏನಂದುಕೊಂಡಾರು? ಕತ್ತರಿ ತೆಗೆದುಕೊಂಡು ಎಲ್ಲವನ್ನೂ ಕತ್ತರಿಸಿದೆ. ಅದರ ಬದಲು ಬಿಳಿ ಚೀಟಿ ಅಂಟಿಸಿ, ಒಂದರಿಂದ ಹನ್ನೆರಡರವರೆಗೆ ನನ್ನ ದುಂಡು ಅಕ್ಷರದಲ್ಲಿ ಅಂಕೆ ಬರೆದೆ. ನೋಡಿದರೆ ಲಾಂಡ್ರಿಯಲ್ಲ, ಬ್ಯಾಂಕು!

ನಾಳೆ ಏಳಕ್ಕೇ ಹೋಗಿ ಮೊದಲ ಡ್ರಮ್ಮನ್ನು ನಾನೇ ಓಡಿಸಿಡುತ್ತೇನೆ. ಅವರು ಬರುವ ಹೊತ್ತಿಗೆ ಕೆಲಸ ಜೋರಾಗಿ ನಡೆಯುತ್ತಿರಬೇಕು.

ಜುಲೈ ೨, ಬುಧವಾರ

ನಿಧಾನವಾಗಿ ಬರೆಯುತ್ತೇನೆ. ಕೈಯಿಂದ ಬ್ಲೀಚಿನ ವಾಸನೆ ಇನ್ನೂ ಹೋಗಿಲ್ಲ.

ಏಳಕ್ಕೆ ಹೋದೆ. ಒಂದು, ಎರಡು, ಮೂರನೇ ಮೂಟೆಗಳನ್ನು ದೊಡ್ಡ ಡ್ರಮ್ಮಿಗೆ ಸುರಿದು, ಬಿಸಿನೀರು ಬಿಟ್ಟು, ಒಂದು ಕೈ ಹೆಚ್ಚೇ ಬ್ಲೀಚ್ ಹಾಕಿ ಗುಂಡಿ ಒತ್ತಿದೆ. ಎಂಟಕ್ಕೆ ಪರೀಕ್ಷೆಯವರು ಬಂದರು. ಒಬ್ಬರು ಚಿಕ್ಕ ಆಳಿನ ಹೆಂಗಸು, ಕಾಲಲ್ಲಿ ಕ್ಯಾನ್ವಾಸ್ ಬೂಟು, ಹೆಗಲಲ್ಲಿ ಬಟ್ಟೆಯ ಚೀಲ. ಇಸ್ತ್ರಿಯಣ್ಣ ಐದು ನಿಮಿಷದೊಳಗೆ ಅವರಿಗೆ ಪರೀಕ್ಷೆಯಮ್ಮ ಎಂದು ಹೆಸರಿಟ್ಟ.

ಅವರ ಹಿಂದೆಯೇ ದಾರದವಳು ಬಂದಳು. ಮೂಟೆಗಳನ್ನು ನೋಡಿ ನಿಂತುಬಿಟ್ಟಳು.

"ದಾರ ಎಲ್ಲಿ?"

"ಕತ್ತರಿಸಿ ಹಾಕಿದೆ. ನೀಟಾಗಿ ಕಾಣ್ಲಿ ಅಂತ."

"ಡ್ರಮ್ಮಿಗೆ ಯಾವ ಮೂಟೆ ಹೋಗಿದೆ?"

"ಒಂದು, ಎರಡು, ಮೂರು" ಎಂದೆ, ಪರೀಕ್ಷೆಯಮ್ಮನಿಗೂ ಕೇಳಿಸುವ ಹಾಗೆ.

"ಅಳಿಯಂದ್ರೇ, ನಿಮ್ಮ ಒಂದು ಎರಡು ಮೂರು ಕಟ್ಕೊಂಡು ನಾನೇನು ಮಾಡ್ಲಿ? ಅದಕ್ಕೆ ಯಾವ ದಾರ ಇತ್ತು?"

ನನಗೆ ಹೇಗೆ ಗೊತ್ತಿರಬೇಕು? ಅವಳು ಓಡಿಹೋಗಿ ಡ್ರಮ್ಮು ನಿಲ್ಲಿಸಿದಳು. ನೀರು ಬಸಿದು ಬಾಗಿಲು ತೆಗೆದರೆ, ಹಾಸಿಗೆ ಬಟ್ಟೆಗಳ ಮೇಲೆಲ್ಲ ಕಂದು ಬಣ್ಣದ ಮಚ್ಚೆ. ಯಾರೋ ಒಂದು ಕೊಡ ಚಹಾ ಚೆಲ್ಲಿದ ಹಾಗೆ. ಇದು ಪರೀಕ್ಷೆಯ ದಿನ, ಇವಳು ಫೇಲು, ಆಸ್ಪತ್ರೆ ಕೈಬಿಟ್ಟಿತು, ಎಲ್ಲವೂ ನನ್ನ ಕೈಯಿಂದಲೇ.

ಪರೀಕ್ಷೆಯಮ್ಮ ಒಂದು ಬಟ್ಟೆಯನ್ನು ಎತ್ತಿ ಹಿಡಿದು ದಾರದವಳನ್ನು ಕೇಳಿದರು, "ಏನಮ್ಮ ಇದು? ಹೇಗಾಯ್ತು?"

"ಅಳಿಯಂದ್ರು ಬೆಳಗ್ಗೇನೇ ಬಂದು ನಮ್ಮ ಕೆಲಸ ಹಗುರ ಮಾಡಿದಾರೆ" ಎಂದಳು ಅವಳು. ಆಮೇಲೆ ಸೊಂಟದ ದಾರದ ಉಂಡೆ ತೆಗೆದು ಮೇಜಿನ ಮೇಲಿಟ್ಟಳು. "ನೋಡಿ ಅಮ್ಮ. ಕೆಂಪು ದಾರ ಅಂದ್ರೆ ರಕ್ತ ಆಗಿರೋ ಬಟ್ಟೆ. ಅದಕ್ಕೆ ಮೊದಲು ತಣ್ಣೀರೇ ಆಗ್ಬೇಕು. ಬಿಸಿನೀರು ಬಿದ್ರೆ ಮೊಟ್ಟೆ ಬೆಂದ ಹಾಗೆ ಬಟ್ಟೇಲೇ ಬೆಂದು ಕೂತ್ಬಿಡುತ್ತೆ. ಹಳದಿ ಅಂದ್ರೆ, ಆಪರೇಷನ್ನಿಗೆ ಮುಂಚೆ ಚರ್ಮ ಒರೆಸ್ತಾರಲ್ಲ, ಆ ಔಷಧಿ ಆಗಿರೋದು. ಅದಕ್ಕೆ ಬ್ಲೀಚ್ ಸೋಕಿದ್ರೆ ಈ ಕಂದು ಕಲೆ. ಬಟ್ಟೆ ಹರಿದ್ರೂ ಇದು ಹೋಗಲ್ಲ. ದಾರ ಇಲ್ಲದ್ದು ಸಾದಾ, ಅದಕ್ಕೆ ಏನು ಹಾಕಿದ್ರೂ ನಡೆಯುತ್ತೆ."

"ಯಾರು ಹೇಳಿಕೊಟ್ರು?"

"ಯಾರಿಲ್ಲ. ಏಳೆಂಟು ವರ್ಷದ ಹಿಂದೆ ಹಿಂಗೇ ಕಲೆ ಬಂದು ಆಸ್ಪತ್ರೆಯವರು ವಾಪಸ್ ಕಳಿಸ್ತಿದ್ರು. ಯಾವ ವಾರ್ಡಿನ ಮೂಟೆಗೆ ಬರುತ್ತೆ ಅಂತ ನೋಡ್ಕೊಂಡೆ. ಒಂದು ಮೂಟೆಗೆ ಬ್ಲೀಚ್ ಹಾಕ್ದೆ, ಒಂದಕ್ಕೆ ಬಿಟ್ಟೆ. ಬಿಟ್ಟಿದ್ದಕ್ಕೆ ಬರ್ಲಿಲ್ಲ. ಅಷ್ಟೇ."

"ಮೂಟೆ ಬಿಚ್ಚಿದಾಗ ಹೇಗೆ ಗುರುತು ಹಿಡೀತೀರಿ?"

"ಮೂಗಿಗೆ ಹಿಡಿದ್ರೆ ಗೊತ್ತಾಗುತ್ತೆ. ಬೆಳಕಿಗೆ ಹಿಡಿದ್ರೆ ತಿಳಿ ಗುಲಾಬಿ ಕಾಣುತ್ತೆ. ಆದ್ರೆ ಇಲ್ಲಿ ಬೆಳಕೆಲ್ಲಿದೆ? ಬಾಗಿಲ ತನಕ ಹೊತ್ಕೊಂಡು ಹೋಗಿ ನೋಡ್ತೀನಿ."

ಇಲ್ಲಿ ಒಂದು ಮಾತು ಬರೆದುಕೊಳ್ಳಬೇಕು. ಆ ವರ್ಷ ಬಟ್ಟೆ ವಾಪಸ್ ಬರುವುದು ನಿಂತದ್ದು ನಾನು ಸೋಪು ಬದಲಾಯಿಸಿದ್ದರಿಂದ ಎಂದು ಇಷ್ಟು ಕಾಲವೂ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಆಸ್ಪತ್ರೆಯವರಿಗೆ ಹೇಳಿದ್ದೇನೆ. ಸೋಪಿನ ಅಂಗಡಿಯವನಿಗೂ ಹೇಳಿದ್ದೇನೆ. ಹೇಳುವಾಗ ಅವಳು ಅಲ್ಲೇ ಇರುತ್ತಿದ್ದಳು.

ಪರೀಕ್ಷೆಯಮ್ಮ ನನ್ನ ಕಡೆ ತಿರುಗಿ, "ಮಾಲೀಕರೇ, ಇದನ್ನ ಬೇಕು ಅಂತಲೇ ಏರ್ಪಾಡು ಮಾಡಿದ್ರಾ? ಇಷ್ಟು ಚೆನ್ನಾಗಿ ಪರೀಕ್ಷೆ ಮಾಡೋದು ನನಗೂ ಬರ್ತಿರ್ಲಿಲ್ಲ" ಎಂದರು. ನಾನು ಕೋಟಿನ ಗುಂಡಿ ಹಾಕಿಕೊಂಡೆ. ಅವರ ಕಣ್ಣು ಕೋಟಿಗೆ ಬಿತ್ತು. ಅಂಚಿನಲ್ಲಿ ಒಂದು ಕರಿ ದಾರ ನೇತಾಡುತ್ತಿತ್ತು.

"ಇವರಿಗೂ ಒಂದು ಕಟ್ಟಿದೀರಲ್ಲ, ಇದ್ಯಾವ ರೋಗಕ್ಕೆ?"

"ಅದು ಹೊಸಾ ಬಟ್ಟೆ. ಬಣ್ಣ ಬಿಡ್ತಾ ಇದೆ. ಹಂಗಾಗಿ ಕರಿ ದಾರ. ಬೇರೆಯವರ ಬಟ್ಟೆ ಜೊತೆ ಹಾಕೋ ಹಂಗಿಲ್ಲ. ಬಣ್ಣ ಬಿಡೋದು ನಿಂತ ಮೇಲೆ ಆ ದಾರಕ್ಕೆ ಒಂದು ಗಂಟು ಹಾಕ್ತೀವಿ. ಆಗ ಎಲ್ಲರ ಜೊತೆ ಹಾಕ್ಬಹುದು."

"ಅಳಿಯಂದ್ರಿಗೆ ಇನ್ನೂ ಗಂಟು ಬಿದ್ದಿಲ್ಲ" ಎಂದು ಇಸ್ತ್ರಿಯಣ್ಣ ಗೋಡೆಗೆ ಹೇಳಿದ. ಒಣಗಿಸುವ ಹೆಂಗಸರೆಲ್ಲ ಬಾಯಿಗೆ ಸೆರಗು ಇಟ್ಟುಕೊಂಡರು.

ಸಂಜೆಯವರೆಗೆ ಕೂತು ರಕ್ತದ ಬಟ್ಟೆಗಳಲ್ಲಿ ಅರ್ಧವನ್ನು ದಾರದಕ್ಕ ಉಳಿಸಿಕೊಟ್ಟರು. ಕಂದು ಕಲೆಯವು ಉಳಿಯಲಿಲ್ಲ. ಆಸ್ಪತ್ರೆಗೆ ಹೊಸ ಬಟ್ಟೆ ನಾನೇ ತುಂಬಿಕೊಡುತ್ತೇನೆ.

ಜುಲೈ ೩, ಗುರುವಾರ

ಇವತ್ತು ಇಸ್ತ್ರಿಯಣ್ಣನ ಸರದಿ. ಪರೀಕ್ಷೆಯಮ್ಮ ಕಾಗದದ ಮೇಲೆ ಒಂದು ಪ್ರಶ್ನೆಯನ್ನೂ ಕೊಡುವುದಿಲ್ಲ. "ಮಾಡಿ ತೋರಿಸಿ" ಎನ್ನುತ್ತಾರೆ, ಮೂಲೆಯಲ್ಲಿ ನಿಲ್ಲುತ್ತಾರೆ, ಅಷ್ಟೇ.

ಹತ್ತು ನಿಲುವಂಗಿ ಇಸ್ತ್ರಿಯಾದವು. ಹನ್ನೊಂದನೆಯದಕ್ಕೆ ಇಸ್ತ್ರಿಯಣ್ಣ ಕೈ ನಿಲ್ಲಿಸಿ ಕಿವಿಗೊಟ್ಟು, ಬಾಯ್ಲರ್ ಕೊಳವೆಯ ಹತ್ತಿರ ಹೋಗಿ ಒಂದು ತಿರುಪನ್ನು ಕಾಲು ಸುತ್ತು ಸಡಿಲಿಸಿ ಬಂದರು.

"ಏನಾಗಿತ್ತು?" ಪರೀಕ್ಷೆಯಮ್ಮ ಕೇಳಿದರು.

"ಕೊಳವೇಲಿ ನೀರು ನಿಂತಿತ್ತು. ಹಬೆ ಕೆಮ್ಮುತ್ತೆ ಆಗ. ಬಿಟ್ರೆ ಬಟ್ಟೆ ಮೇಲೆ ತುಕ್ಕಿನ ಹನಿ ಬೀಳುತ್ತೆ."

ಇದೇ ಕೆಮ್ಮಿಗೆ ನಾನು ತಿಂಗಳಿಗೊಮ್ಮೆ ಪೇಟೆಯಿಂದ ಮೆಕ್ಯಾನಿಕ್ ಕರೆಸುತ್ತೇನೆ! "ಮತ್ತೆ ಆ ಮೆಕ್ಯಾನಿಕ್ ಬಂದು ಏನು ಮಾಡ್ತಾನೆ?" ಎಂದೆ.

"ಬಂದು ನನ್ನನ್ನೇ ಕೇಳ್ತಾನೆ. ಒಳ್ಳೆ ಮನುಷ್ಯ, ಒಂದು ಬೀಡಿ ಕೊಡ್ತಾನೆ."

"ನನಗ್ಯಾಕೆ ಹೇಳ್ಲಿಲ್ಲ?"

"ನೀವು ಅವನನ್ನ ಕೇಳ್ತಿದ್ರಿ, ಅಳಿಯಂದ್ರೇ. ಮಧ್ಯೆ ಬಾಯಿ ಹಾಕೋದು ಚೆನ್ನಾಗಿರುತ್ತಾ?"

ಇದನ್ನು ಊಟದ ಹೊತ್ತಿಗೆ ಹೆಂಡತಿಗೆ ಹೇಳಲೇಬೇಕಾಯಿತು. ನಿಯಮ ಮುರಿದದ್ದಕ್ಕೆ ಅವಳು ಬೈಯಲಿಲ್ಲ. ಇನ್ನೂ ಏನಾಯಿತು ಹೇಳಿ ಎಂದಳು.

ಜುಲೈ ೧೧, ಶುಕ್ರವಾರ

ವರದಿ ಬಂತು. ದಾರದಕ್ಕನವರಿಗೆ ಹನ್ನೊಂದು ವಿಷಯಗಳಲ್ಲಿ ಒಂಬತ್ತು ಚೆನ್ನಾಗಿ ಬರುತ್ತವೆ. ಬರದಿರುವುದು ಎರಡು: ದಾಖಲೆ ಬರೆದಿಡುವುದು, ಹೊಸ ರಾಸಾಯನಿಕಗಳ ಎಚ್ಚರಿಕೆಯ ಚೀಟಿ ಓದುವುದು. ಅವರು ಅಕ್ಷರ ಅಕ್ಷರ ಕೂಡಿಸಿ ಓದುತ್ತಾರೆ, ಸಣ್ಣ ಅಚ್ಚಾದರೆ ಬಿಟ್ಟುಬಿಡುತ್ತಾರೆ. ಇಸ್ತ್ರಿಯಣ್ಣನವರಿಗೆ ಒಂದೇ ಒಂದು ಬಾಕಿ, ಬೆಂಕಿ ಆರಿಸುವ ಸಿಲಿಂಡರ್ ಬಳಸುವುದು. ಮೂರು ತಿಂಗಳ ತರಬೇತಿ ಒಂದೂವರೆ ದಿನಕ್ಕೆ ಇಳಿದಿದೆ. ಲಾಂಡ್ರಿ ಒಂದು ಗಂಟೆಯೂ ಮುಚ್ಚಬೇಕಾಗಿಲ್ಲ, ಅವರೇ ಇಲ್ಲಿಗೆ ಬಂದು ಕಲಿಸುತ್ತಾರೆ.

ಕೊನೆಯಲ್ಲಿ ಎರಡು ಸಾಲು ಮಾಲೀಕರಿಗೆ. ಒಂದು: 'ವಿಂಗಡಿಸುವ ಮೇಜಿಗೆ ಬೆಳಕು ಸಾಲದು.' ಎರಡು: 'ತರಬೇತಿಗೆ ಮಾಲೀಕರೂ ಕೂರುವುದು ಒಳ್ಳೆಯದು.'

ಹೆಂಡತಿ ಎರಡನೆಯ ಸಾಲನ್ನು ಮೂರು ಸಲ ಗಟ್ಟಿಯಾಗಿ ಓದಿದಳು.

ಜುಲೈ ೧೯, ಶನಿವಾರ

ಕೂತೆ. ಮೂವರೂ ಒಂದೇ ಬೆಂಚಿನಲ್ಲಿ. ಎಚ್ಚರಿಕೆಯ ಚೀಟಿಯನ್ನು ನಾನು ಓದಿದೆ, ದಾರದಕ್ಕ ಅದರ ಅರ್ಥ ಹೇಳಿದರು. 'ಆಮ್ಲದೊಂದಿಗೆ ಬೆರೆಸಬಾರದು' ಎಂದು ನಾನು ಓದಿದರೆ, "ಹೂಂ, ಬೆರೆಸಿದ್ರೆ ಕಣ್ಣು ಉರಿದು ಎದೆ ಹಿಡ್ಕೊಳ್ಳುತ್ತೆ, ಬಾಗಿಲು ತೆಗೆದು ಓಡ್ಬೇಕು" ಎನ್ನುತ್ತಾರೆ. ಚೀಟಿಯ ಮೂರನೆಯ ಸಾಲಿನಲ್ಲಿ ಅದೇ ಇತ್ತು.

ದಾಖಲೆಗೆ ಪರೀಕ್ಷೆಯಮ್ಮ ಒಂದು ಉಪಾಯ ಹೇಳಿದರು. ದೊಡ್ಡ ರಟ್ಟಿಗೆ ಆಯಾ ಬಣ್ಣದ ದಾರವನ್ನೇ ಅಂಟಿಸಿ, ಪಕ್ಕದಲ್ಲಿ ನಾಲ್ಕು ಪದ. ಪದ ಬರೆದವನು ನಾನು, ಏನು ಬರೆಯಬೇಕೆಂದು ಹೇಳಿದವರು ದಾರದಕ್ಕ. ಸಂಜೆ ಬಟ್ಟೆ ಒಯ್ಯಲು ಬಂದ ಆಸ್ಪತ್ರೆಯ ಸ್ಟೋರಿನವರು ಅದನ್ನು ನೋಡಿ ಕನ್ನಡಕ ಇಳಿಸಿದರು. "ಇದು ನಮಗೂ ಒಂದು ಬೇಕು. ವಾರ್ಡಿನಲ್ಲೇ ನರ್ಸುಗಳು ದಾರ ಕಟ್ಟಿ ಕಳಿಸ್ಲಿ."

"ದಾರ ನಮ್ಮದೇ ತಗೊಳ್ಳಿ. ಅಂಗಡೀದು ಬಿಸಿನೀರಿಗೆ ಬಣ್ಣ ಬಿಡುತ್ತೆ" ಎಂದರು ದಾರದಕ್ಕ, ನನ್ನ ಕೋಟಿನ ಕಡೆ ನೋಡದೆ.

ಜುಲೈ ೩೧, ಗುರುವಾರ

ನಾನು ಕಂದು ಮಾಡಿದವನ್ನು ಬಿಟ್ಟರೆ ಈ ತಿಂಗಳು ಒಂದು ಬಟ್ಟೆಯೂ ಹಾಳಾಗಿಲ್ಲ. ಮೆಕ್ಯಾನಿಕ್ ಬಂದಿಲ್ಲ. ಬ್ಲೀಚು ಮೊದಲಿನ ಅರ್ಧದಷ್ಟೇ ಸಾಕಾಗುತ್ತಿದೆ. ಸಾದಾ ಬಟ್ಟೆಗೆ ಸುಮ್ಮನೆ ಹೆಚ್ಚು ಸುರಿಯುತ್ತಿದ್ದೆವು. ಒಣಗಿಸುವ ಹೆಂಗಸರು ಬಂದು, "ನಮ್ಮದು ಯಾವಾಗ ನೋಡ್ತಾರೆ?" ಎಂದು ಕೇಳಿದರು. ಅವರಲ್ಲಿ ಒಬ್ಬರಿಗೆ ಹರಿದ ಬಟ್ಟೆ ಹೊಲಿಯುವ ಯಂತ್ರ ರಿಪೇರಿ ಮಾಡಲು ಬರುತ್ತದಂತೆ! ನಾನು ಕೇಳಿದ್ದು ಇವತ್ತು. ಯಾರು ಎಷ್ಟು ಹೊತ್ತಿಗೆ ಬರುತ್ತಾರೆಂದು ಇಷ್ಟು ವರ್ಷವೂ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಯಾರ ಕೈಯಲ್ಲಿ ಏನಿದೆಯೆಂದು ನೋಡಿರಲಿಲ್ಲ.

ಆಗಸ್ಟ್ ೫, ಮಂಗಳವಾರ

ಸರ್ಟಿಫಿಕೇಟುಗಳು ಬಂದವು. ಅಂಚೆಯವನು ಬಾಗಿಲ ಸಂದಿಗೆ ತುರುಕಿದ್ದರಿಂದ ಇಸ್ತ್ರಿಯಣ್ಣನವರದು ಮಡಚಿಹೋಗಿತ್ತು. ಅವರು ಅದನ್ನು ಮೇಜಿನ ಮೇಲೆ ಹಾಸಿ, ಮೇಲೊಂದು ತೆಳು ಬಟ್ಟೆ ಹೊದಿಸಿ, ಸಣ್ಣ ಬಿಸಿಯಲ್ಲಿ ಇಸ್ತ್ರಿ ಮಾಡಿದರು. ನಲವತ್ತು ವರ್ಷದಲ್ಲಿ ಅವರು ಇಷ್ಟು ನಿಧಾನವಾಗಿ ಯಾವುದನ್ನೂ ಇಸ್ತ್ರಿ ಮಾಡಿರಲಿಕ್ಕಿಲ್ಲ. ದಾರದಕ್ಕ ತಮ್ಮದನ್ನು ಬಾಗಿಲ ಬೆಳಕಿಗೆ ಹಿಡಿದು ಹಿಂದೆ ಮುಂದೆ ನೋಡಿದರು, ಬಟ್ಟೆ ನೋಡುವ ಹಾಗೆಯೇ.

ಆಸ್ಪತ್ರೆಯ ಕರಾರು ಮೂರು ವರ್ಷಕ್ಕೆ ಆಯಿತು. ಹೊಸ ಕಟ್ಟಡದ ಬಟ್ಟೆಯೂ ನಮಗೇ. ಹೆಂಡತಿ ಸಿಹಿ ಮಾಡಿದ್ದಳು. ತಿನ್ನುವಾಗ ಒಂದೇ ಒಂದು ಸಲ ಸೇತುವೆಯ ಹತ್ತಿರದ ಹೋಟೆಲು ನೆನಪಾಯಿತು.

ಆಗಸ್ಟ್ ೧೨, ಮಂಗಳವಾರ

ಬಂತು.

ಮಧ್ಯಾಹ್ನ ದಾರದಕ್ಕ ನನ್ನ ಮೇಜಿನ ಮುಂದೆ ನಿಂತು ಸೆರಗಿನಿಂದ ಒಂದು ಲಕೋಟೆ ತೆಗೆದರು. "ಅಳಿಯಂದ್ರೇ, ಇದನ್ನ ಒಸಿ ಓದಿ ಹೇಳಿ. ಅಚ್ಚು ಸಣ್ಣದು."

ಹೋಟೆಲಿನ ಕಾಗದ. ತೊಳೆಯುವ ವಿಭಾಗದ ಮೇಲ್ವಿಚಾರಕಿ. ಇಲ್ಲಿಗಿಂತ ಒಂದೂವರೆ ಪಟ್ಟು ಸಂಬಳ. ವಾರಕ್ಕೊಂದು ಪೂರ್ತಿ ರಜೆ. ಸಮವಸ್ತ್ರ. ಕೂರಲು ಕುರ್ಚಿ. ಹದಿನೈದು ದಿನದೊಳಗೆ ಉತ್ತರ ಬೇಕು.

ಈ ಪುಸ್ತಕ ನನ್ನೊಬ್ಬನಿಗೆ ತಾನೆ. ಹಾಗಾಗಿ ಬರೆಯುತ್ತೇನೆ. ಒಂದು ಕ್ಷಣ ನನ್ನ ನಾಲಿಗೆ ತಡವರಿಸಿತು. 'ಅರ್ಜಿ ಹಾಕಬಹುದು, ನೋಡುತ್ತೇವೆ ಎಂದಿದ್ದಾರೆ' ಎಂದು ಓದಿಬಿಟ್ಟರೆ ಯಾರಿಗೆ ತಿಳಿಯುತ್ತದೆ? ಡ್ರಾಯರು ಮೊಣಕಾಲಿಗೆ ತಾಗುತ್ತಿತ್ತು. ಅದರೊಳಗೆ ಹನ್ನೆರಡು ದಿನ ಮಲಗಿದ್ದ ಅರ್ಜಿಯ ನೆನಪಾಯಿತು.

ಮೇಲಿನಿಂದ ಕೆಳಗಿನವರೆಗೆ, ಒಂದಕ್ಷರ ಬಿಡದೆ ಓದಿದೆ. ಸಂಬಳದ ಸಾಲನ್ನು ಎರಡು ಸಲ ಓದಿದೆ, ಸರಿಯಾಗಿ ಕೇಳಿಸಲೆಂದು. ಕುರ್ಚಿಯನ್ನೂ ಬಿಡಲಿಲ್ಲ.

ಅವರು ಲಕೋಟೆ ಮಡಚಿ ಸೆರಗಿಗೆ ಸೇರಿಸಿದರು. "ನೀವೇನಂತೀರಿ?"

"ಒಳ್ಳೆ ಕೆಲಸ. ಅವರು ನಿಮ್ಮ ಬಗ್ಗೆ ಕೇಳಿದ್ರೆ ಇದ್ದದ್ದನ್ನ ಬರೆದುಕೊಡ್ತೀನಿ. ಕಲೆ ನಿಂತಿದ್ದು ನನ್ನ ಸೋಪಿನಿಂದಲ್ಲ ಅನ್ನೋದನ್ನೂ ಸೇರಿಸಿ. ಆದ್ರೆ ನೀವು ಹೋಗೋದು ನನಗೆ ಬೇಡ." ಆಮೇಲೆ, "ಸಂಬಳ ನಾನೂ ಅಷ್ಟೇ ಮಾಡ್ತೀನಿ. ಸರ್ಟಿಫಿಕೇಟ್ ಬಂದ ದಿನಾನೇ ಮಾಡ್ಬೇಕಿತ್ತು. ಮಾಡ್ಲಿಲ್ಲ. ಆಸ್ಪತ್ರೆ ಕೆಲಸ ಮೂರು ವರ್ಷ ನಮಗೆ ಸಿಕ್ಕಿರೋದೇ ನಿಮ್ಮಿಬ್ಬರಿಂದ" ಎಂದೆ.

ದಾರದಕ್ಕ ಬಹಳ ಹೊತ್ತು ನನ್ನ ಮುಖ ನೋಡಿದರು. ಅವರು ಮೂಟೆ ಬಿಚ್ಚಿದಾಗ ಹೀಗೇ ನೋಡುತ್ತಾರೆ.

"ನನ್ನ ಮಗಳು ನಿನ್ನೇನೇ ಓದಿ ಹೇಳಿದಾಳೆ" ಎಂದರು. "ನೀವು ಹೆಂಗೆ ಓದ್ತೀರ ನೋಡೋಣ ಅಂತ ಬಂದೆ."

ಅವರು ಆಗಲೇ ಬಾಗಿಲ ಹತ್ತಿರ ಇದ್ದರು. "ಕುರ್ಚಿ ನನಗೆ ಬೇಡ, ಅಳಿಯಂದ್ರೇ. ಕೂತ್ರೆ ನನಗೆ ಬಟ್ಟೆ ಕಾಣಲ್ಲ. ಆ ಕಿಟಕಿ ಏನಾಯ್ತು?"

ಆಗಸ್ಟ್ ೧೩, ಬುಧವಾರ

ಹೆಂಡತಿಯನ್ನು ಕೇಳಿದೆ: ನಿಮ್ಮಪ್ಪ ಕಟ್ಟಿಸಿದ ಗೋಡೆ, ಒಡೆಯಲೇ?

"ಅಪ್ಪ ಆ ಗೋಡೆ ಕಟ್ಟಿಸಿದ್ದು ಆಚೆ ಮನೆ ನಾಯಿ ಒಳಗೆ ಬರ್ತಿತ್ತು ಅಂತ. ನಾಯಿ ಸತ್ತು ಇಪ್ಪತ್ತು ವರ್ಷ ಆಯ್ತು" ಎಂದಳು.

ಗಾರೆಯವನಿಗೆ ಹೇಳಿ ಬಂದೆ.

ಆಗಸ್ಟ್ ೨೩, ಶನಿವಾರ

ಕಿಟಕಿ ಆಯಿತು. ನಾಲ್ಕಡಿ ಅಗಲ, ಮೂರಡಿ ಎತ್ತರ. ಬೆಳಿಗ್ಗೆ ಒಂಬತ್ತಕ್ಕೆ ಗಾರೆಯವನು ಕೊನೆಯ ಇಟ್ಟಿಗೆ ತೆಗೆದಾಗ ಬಿಸಿಲು ನೇರವಾಗಿ ವಿಂಗಡಿಸುವ ಮೇಜಿನ ಮೇಲೆ ಬಂದು ಕೂತಿತು. ಧೂಳು ಅಡಗುವ ಮೊದಲೇ ದಾರದಕ್ಕ ಒಂದು ಮೂಟೆ ಬಿಚ್ಚಿ, ಬಟ್ಟೆ ಎತ್ತಿ ಹಿಡಿದು, ಹಳದಿ ದಾರ ಕಟ್ಟಿದರು. ಒಂದು ಹೆಜ್ಜೆ ಅತ್ತಿತ್ತ ಹೋಗಬೇಕಾಗಲಿಲ್ಲ. ಹೋಟೆಲಿನವರಿಗೆ ಉತ್ತರವನ್ನು ಅವರ ಮಗಳು ಬರೆದು ಹಾಕಿದಳಂತೆ, ಬರುವುದಿಲ್ಲವೆಂದು. ಜೊತೆಗೆ ಅವರ ಹಳೆಯ ಮೇಜುಬಟ್ಟೆಗಳ ಕಲೆಗೆ ಏನು ಹಾಕಬೇಕೆಂದೂ ಬರೆಸಿದ್ದಾರೆ. ನನಗೆ ಕೇಳಿದರೆ ಅದನ್ನು ಬಿಟ್ಟಿ ಹೇಳಬಾರದಿತ್ತು. ಆದರೆ ನನ್ನನ್ನು ಕೇಳಲಿಲ್ಲ.

ಸೋಮವಾರ ಒಣಗಿಸುವವರ ಸರದಿಗೆ ಪರೀಕ್ಷೆಯಮ್ಮ ಬರುತ್ತಾರೆ. ಈ ಸಲ ನಾನು ಏನನ್ನೂ ಗುಡಿಸುವುದಿಲ್ಲ.

ಸಂಜೆ ಮನೆಗೆ ಹೊರಡುವಾಗ ಕೋಟು ಹುಡುಕಿದೆ. ನನ್ನದನ್ನು ಯಾವಾಗಲೂ ಬೇರೆ ತಂತಿಗೆ, ಒಂಟಿಯಾಗಿ ಒಣಹಾಕುತ್ತಾರೆ. ಆ ತಂತಿ ಖಾಲಿಯಿತ್ತು. ನೋಡಿದರೆ ದೊಡ್ಡ ಸಾಲಿನಲ್ಲಿ, ಇಸ್ತ್ರಿಯಣ್ಣನವರ ಬನಿಯನ್ನಿಗೂ ಹೆಂಗಸರ ಏಪ್ರನ್ನುಗಳಿಗೂ ನಡುವೆ ನೇತಾಡುತ್ತಿತ್ತು. ಅಕ್ಕಪಕ್ಕದವೆಲ್ಲ ಬೆಳ್ಳಗೇ ಇದ್ದವು. ತೆಗೆದು ಹಾಕಿಕೊಂಡೆ. ಅಂಚಿನ ಕರಿ ದಾರಕ್ಕೆ ಒಂದು ಗಂಟು ಬಿದ್ದಿತ್ತು. ಸಣ್ಣದು, ಬಿಗಿಯಾದದ್ದು.

ಬಟ್ಟೆ ಒಳ್ಳೆಯದೇ ಇರಬೇಕು. ಹೆಂಡತಿ ಆರಿಸಿ ತಂದದ್ದಲ್ಲವೇ.